ತಪ್ಪು ಟೈಪ್ ಮಾಡಿದ ಕಂಪ್ಯೂಟರ್, ಬಾಯಿ ತಿದ್ದಿಕೊಂಡ 16 ಮಕ್ಕಳು: ಹೈದರಾಬಾದಿನ ಒಂದು ಪ್ರಕರಣ

ಮೊದಲು ಒಂದು ಸಣ್ಣ ಲೆಕ್ಕ. ತರಗತಿಯಲ್ಲಿ 40 ಮಕ್ಕಳು, ಇಂಗ್ಲಿಷ್ ಪೀರಿಯಡ್ 40 ನಿಮಿಷ. ಮೇಷ್ಟ್ರು ತುಟಿ ಪಿಟಕ್ಕೆನ್ನದೆ ಕೂತು ಪೂರ್ತಿ ಹೊತ್ತನ್ನು ಮಕ್ಕಳಿಗೇ ಬಿಟ್ಟುಕೊಟ್ಟರೂ ಒಂದು ಮಗುವಿನ ಪಾಲಿಗೆ ಬರುವುದು ಒಂದೇ ನಿಮಿಷ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ದಿನ ಶಾಲೆ ನಡೆಯಬೇಕು. ಒಂದು ದಿನವೂ ಪೀರಿಯಡ್ ತಪ್ಪಲಿಲ್ಲ ಅಂದುಕೊಂಡರೂ ವರ್ಷಕ್ಕೆ 220 ನಿಮಿಷ. ನಾಲ್ಕು ಗಂಟೆಯೂ ಆಗಲಿಲ್ಲ. ನಿಜವಾದ ತರಗತಿಯಲ್ಲಿ ಮಾತಿನ ಮುಕ್ಕಾಲು ಪಾಲು ಮೇಷ್ಟ್ರದ್ದೇ ಎನ್ನೋಣ. ಆ ಪಾಲು ಕಳೆದರೆ ಒಂದು ಮಗು ಇಡೀ ವರ್ಷದಲ್ಲಿ ಇಂಗ್ಲಿಷಿನಲ್ಲಿ ಬಾಯಿ ಬಿಡುವ ಹೊತ್ತು ಒಂದು ಗಂಟೆಗಿಂತ ಕಡಿಮೆ. ಈಜು ಕಲಿಸುತ್ತೇವೆಂದು ಹೇಳಿ ವರ್ಷಕ್ಕೆ ಒಂದು ಗಂಟೆ ನೀರಿಗಿಳಿಸಿದ ಹಾಗಾಯಿತು.

ಇದಕ್ಕೆ ನಮ್ಮ ಶಾಲೆಗಳು ಕಂಡುಕೊಂಡ ಹಳೆಯ ಉಪಾಯ ಕೋರಸ್. ಮೇಷ್ಟ್ರು ಒಂದು ಸಾಲು ಹೇಳುತ್ತಾರೆ, ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಅಲ್ಲಿ 40 ಬಾಯಿಗಳೂ ಆಡುತ್ತವೆ, ಆದರೆ ಒಂದು ಬಾಯಿಯೂ ಯಾರ ಕಿವಿಗೂ ಬೀಳುವುದಿಲ್ಲ. ಹಿಂದಿನ ಬೆಂಚಿನವನು ಬರೀ ತುಟಿ ಆಡಿಸಿದರೂ ನಡೆಯುತ್ತದೆ. ಅವನಿಗೂ ಅದು ಗೊತ್ತು.

ಅಮೆರಿಕದವರು ಇದನ್ನೇ ಯಂತ್ರದಿಂದ ಬಗೆಹರಿಸಲು ಹೊರಟಿದ್ದರು. ರಷ್ಯನ್ನರು ಸ್ಪುಟ್ನಿಕ್ ಹಾರಿಸಿದ ಮರುವರ್ಷ, 1958ರಲ್ಲಿ, ಬಂದ ಶಿಕ್ಷಣ ಕಾಯ್ದೆಯ ದುಡ್ಡಿನಲ್ಲಿ ಶಾಲೆಗಳಲ್ಲೆಲ್ಲ ಲ್ಯಾಂಗ್ವೇಜ್ ಲ್ಯಾಬುಗಳು ಎದ್ದವು. ಗೂಡಿನಂಥ ಪೆಟ್ಟಿಗೆ, ಹೆಡ್‌ಫೋನ್, ಟೇಪ್. ಟೇಪು ಹೇಳುತ್ತದೆ, ವಿದ್ಯಾರ್ಥಿ ಅದನ್ನೇ ಹೇಳುತ್ತಾನೆ. 1963ರಲ್ಲಿ ಕೊಲಂಬಿಯಾದ ಟೀಚರ್ಸ್ ಕಾಲೇಜಿನಿಂದ ರೇಮಂಡ್ ಕೀಟಿಂಗ್ ಅವರ ಅಧ್ಯಯನ ಹೊರಬಂತು. ಲ್ಯಾಬ್ ಇದ್ದ ಶಾಲೆಯ ಮಕ್ಕಳು ಇಲ್ಲದವರಿಗಿಂತ ಮುಂದೆ ಹೋಗಿರಲಿಲ್ಲ. ಅದರ ಮೇಲೆ ದೊಡ್ಡ ಜಗಳವಾಯಿತು, ಅದು ಬೇರೆ ವಿಷಯ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಂಗ್ವೇಜ್ ಲ್ಯಾಬ್‌ಗಳಲ್ಲಿ ಕೂತವರಿಗೆ ಕಾರಣ ತಾನಾಗಿಯೇ ಹೊಳೆಯುತ್ತದೆ. ಟೇಪು ಮಾತಾಡುತ್ತದೆ, ಆದರೆ ಕೇಳುವುದಿಲ್ಲ. ನೀವು ಸರಿಯಾಗಿ ಹೇಳಿದರೂ ಅಷ್ಟೇ, ತಪ್ಪು ಹೇಳಿದರೂ ಅಷ್ಟೇ, ಅದು ಮುಂದಿನ ವಾಕ್ಯಕ್ಕೆ ಹೋಗುತ್ತದೆ.

ಕೇಳುವ ಯಂತ್ರವೊಂದನ್ನು ಮಕ್ಕಳ ಮುಂದಿಟ್ಟರೆ ಏನಾಗುತ್ತದೆ? ಈ ಪ್ರಶ್ನೆ ಹಿಡಿದು ನಮ್ಮ ಪಕ್ಕದ ಹೈದರಾಬಾದಿನಲ್ಲೇ ಒಂದು ಪ್ರಯೋಗ ನಡೆದಿತ್ತು. ಸುಗತ ಮಿತ್ರ, ಜೇಮ್ಸ್ ಟೂಲಿ, ಪರಿಮಳಾ ಇನಾಮದಾರ್, ಪಾಲಿನ್ ಡಿಕ್ಸನ್ ಸೇರಿ ಬರೆದ ಅದರ ವರದಿ 2003ರಲ್ಲಿ ಪ್ರಕಟವಾಯಿತು. ಇಪ್ಪತ್ತು ವರ್ಷ ದಾಟಿದ ಪ್ರಯೋಗ. ಅಲ್ಲಿ ಬಳಸಿದ ಸಾಫ್ಟ್‌ವೇರ್ ಇವತ್ತು ಗುಜರಿಗೆ ಲಾಯಕ್ಕು. ಆದರೂ ಮಾತು ಕಲಿಸುವ ಆ್ಯಪ್‌ಗಳ ಜಾಹೀರಾತು ದಿನಾ ಕಣ್ಣಿಗೆ ಬೀಳುವ ಈ ಹೊತ್ತಿನಲ್ಲಿ ಅದನ್ನು ಮತ್ತೆ ಬಿಚ್ಚಿ ನೋಡುವುದರಲ್ಲಿ ಲಾಭವಿದೆ.

ಯಾರು, ಎಲ್ಲಿ, ಯಾಕೆ

ಸುಗತ ಮಿತ್ರ ಅಂದರೆ ‘ಗೋಡೆಯ ಕಿಂಡಿ’ಯ ಕಂಪ್ಯೂಟರಿನವರು ಎಂದರೆ ಹಲವರಿಗೆ ನೆನಪಾದೀತು. 1999ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಕಂಪ್ಯೂಟರ್ ತರಬೇತಿ ಕಂಪನಿ ಎನ್‌ಐಐಟಿಯ ಕಚೇರಿಯ ಗೋಡೆಗೆ ಕಿಂಡಿ ಕೊರೆದು, ಪಕ್ಕದ ಕೊಳೆಗೇರಿಯ ಮಕ್ಕಳ ಕೈಗೆ ಸಿಗುವಂತೆ ಕಂಪ್ಯೂಟರ್ ಕೂರಿಸಿದವರು. ಯಾರೂ ಹೇಳಿಕೊಡದೆ ಮಕ್ಕಳು ಗುಂಪುಗೂಡಿ ತಾವೇ ಕಲಿಯುತ್ತಾರೆ ಎನ್ನುವುದು ಅವರ ವಾದ. ಜೇಮ್ಸ್ ಟೂಲಿ ಆಗ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 2000ದಲ್ಲಿ ಬೇರೇನೋ ಕೆಲಸಕ್ಕೆಂದು ಹೈದರಾಬಾದಿಗೆ ಬಂದಿದ್ದವರು ಹಳೇ ಊರಿನ ಗಲ್ಲಿಗಳಲ್ಲಿ ಅಡ್ಡಾಡುವಾಗ ಕಡಿಮೆ ಫೀಸಿನ ಖಾಸಗಿ ಶಾಲೆಗಳ ದೊಡ್ಡ ಲೋಕವನ್ನೇ ಕಂಡು ಅಲ್ಲೇ ಬೇರೂರಿದರು. ಆಟೋ ಓಡಿಸುವವರು, ತಳ್ಳುಗಾಡಿಯವರು ಹೊಟ್ಟೆ ಬಟ್ಟೆ ಕಟ್ಟಿ ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿದ್ದುದು ಒಂದೇ ಆಸೆಗೆ: ಇಂಗ್ಲಿಷ್ ಮೀಡಿಯಂ.

ಪೇಚು ಇದ್ದುದು ಇಲ್ಲಿ. ಬೋರ್ಡಿನ ಮೇಲೆ ಇಂಗ್ಲಿಷ್ ಮೀಡಿಯಂ ಎಂದಿದ್ದರೂ ಪಾಠ ಹೇಳುವವರೂ ಅದೇ ಗಲ್ಲಿಯವರು, ಅದೇ ಉಚ್ಚಾರಣೆಯವರು. ಮಕ್ಕಳ ಮನೆಯಲ್ಲಿ ದಖನಿ ಉರ್ದು, ಇಲ್ಲವೇ ತೆಲುಗು. ಓದುತ್ತಾರೆ, ಬರೆಯುತ್ತಾರೆ, ಪರೀಕ್ಷೆಯಲ್ಲಿ ಪಾಸಾಗುತ್ತಾರೆ; ಸಂದರ್ಶನಕ್ಕೆ ಹೋದಾಗ ಬಾಯಿ ತೆರೆದ ಕೂಡಲೇ ಎದುರಿನವರ ಹುಬ್ಬು ಗಂಟಿಕ್ಕುತ್ತದೆ. ಆ ವರ್ಷಗಳನ್ನು ನೆನಪಿಸಿಕೊಳ್ಳಿ. ಬೆಂಗಳೂರು, ಹೈದರಾಬಾದುಗಳಲ್ಲಿ ಕಾಲ್ ಸೆಂಟರ್‌ಗಳು ನಾಯಿಕೊಡೆಯಂತೆ ಏಳುತ್ತಿದ್ದ ಕಾಲ. ಉಚ್ಚಾರಣೆಗೆ ನೇರವಾಗಿ ಸಂಬಳದ ಬೆಲೆ ಕಟ್ಟಲಾಗುತ್ತಿತ್ತು. ಪ್ರಯೋಗ ವಾಕ್ಯರಚನೆಯನ್ನೋ ಓದುವುದನ್ನೋ ಎತ್ತಿಕೊಳ್ಳದೆ ಉಚ್ಚಾರಣೆಯನ್ನೇ ಹಿಡಿದದ್ದರ ಹಿಂದೆ ಈ ಸಂತೆಯ ಗದ್ದಲವಿದೆ.

12ರಿಂದ 16 ವರ್ಷದೊಳಗಿನ 16 ಮಕ್ಕಳು. ಅವರಿಗೆ ಕೊಟ್ಟದ್ದು ಮೂರು ಸಾಮಗ್ರಿ: ಇಂಗ್ಲಿಷ್ ಕಲಿಸುವ ಒಂದು ಸಾಫ್ಟ್‌ವೇರ್, ನೋಡಲು ಕೆಲವು ಇಂಗ್ಲಿಷ್ ಸಿನಿಮಾ, ಮತ್ತು ಮಾತನ್ನು ಅಕ್ಷರಕ್ಕಿಳಿಸುವ ಒಂದು ಸಾಫ್ಟ್‌ವೇರ್. ಅವಧಿ ಐದು ತಿಂಗಳು. ಮಕ್ಕಳು ಗುಂಪಾಗಿ ಕಂಪ್ಯೂಟರಿನ ಮುಂದೆ ಕೂರಬೇಕು. ಮೇಷ್ಟ್ರ ಕೈವಾಡ ಆದಷ್ಟೂ ಕಡಿಮೆ.

ಯಂತ್ರದ ಕಿವಿ

ಮೂರರಲ್ಲಿ ಮೂರನೆಯದೇ ಈ ಪ್ರಕರಣದ ಜೀವ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಡ್ರ್ಯಾಗನ್‌ನಂಥ ಡಿಕ್ಟೇಷನ್ ಸಾಫ್ಟ್‌ವೇರ್‌ಗಳು 1997ರ ಹೊತ್ತಿಗೆ ಅಂಗಡಿಗೆ ಬಂದಿದ್ದವು. ಡಬ್ಬಿ ಒಡೆದು ಹಾಕಿಕೊಂಡ ಕೂಡಲೇ ಅವು ಕೆಲಸ ಮಾಡುತ್ತಿರಲಿಲ್ಲ. ಕೊಂಡವರು ಮೊದಲು ಮೈಕ್ ಹಿಡಿದು, ಪರದೆಯ ಮೇಲೆ ಬಂದ ಪುಟಗಳನ್ನು ಗಟ್ಟಿಯಾಗಿ ಓದಿ ಒಪ್ಪಿಸಬೇಕಿತ್ತು. ಈ ಮನುಷ್ಯ ಯಾವ ಸ್ವರವನ್ನು ಹೇಗೆ ಎಳೆಯುತ್ತಾನೆ, ಯಾವ ವ್ಯಂಜನವನ್ನು ನುಂಗುತ್ತಾನೆ ಎಂದು ಯಂತ್ರ ಗುರುತು ಹಾಕಿಕೊಳ್ಳುತ್ತಿತ್ತು. ಅಂದರೆ ಮಾಲೀಕನ ದನಿಗೆ ಯಂತ್ರ ತನ್ನನ್ನು ಹೊಂದಿಸಿಕೊಳ್ಳುತ್ತಿತ್ತು. ಇನ್ನೊಬ್ಬರು ಬಂದು ಅದರ ಮುಂದೆ ಮಾತಾಡಿದರೆ ಅದು ಏನೇನೋ ಟೈಪ್ ಮಾಡುತ್ತಿತ್ತು. ಕೊಂಡವರೆಲ್ಲ ಇದನ್ನು ದೋಷ ಎಂದೇ ಬೈದರು.

ಹೈದರಾಬಾದಿನ ಪ್ರಯೋಗದವರು ಈ ದೋಷವನ್ನೇ ಬಂಡವಾಳ ಮಾಡಿಕೊಂಡರು. ಮಕ್ಕಳ ದನಿಗೆ ಯಂತ್ರವನ್ನು ಪಳಗಿಸಲೇ ಇಲ್ಲ. ಯಾವ ಉಚ್ಚಾರಣೆ ಒಳ್ಳೆಯದು ಎಂದು ಅವರಿಗೆ ಅನ್ನಿಸಿತ್ತೋ ಅಂಥ ದನಿಗೆ, ಅಂದರೆ ಬ್ರಿಟಿಷ್ ಧಾಟಿಗೆ, ಪಳಗಿಸಿ ಮಕ್ಕಳ ಮುಂದಿಟ್ಟರು. ಇನ್ನು ಹೊಂದಿಕೊಳ್ಳುವ ಕೆಲಸ ಮಕ್ಕಳದ್ದು.

ಇದರ ಎದುರು ಕೂತ ಮಗುವಿಗೆ ಏನಾಗುತ್ತದೆ ನೋಡಿ. ಕನ್ನಡಕ್ಕಾಗಲಿ ತೆಲುಗಿಗಾಗಲಿ ಇರುವುದು ಒಂದೇ ‘ವ’. ಇಂಗ್ಲಿಷಿನವರಿಗೆ ಎರಡು: ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ ಹೇಳುವುದೊಂದು, ಎರಡೂ ತುಟಿ ದುಂಡಗೆ ಮಾಡಿ ಹೇಳುವುದೊಂದು. ನಮ್ಮ ಹುಡುಗ ಪಶ್ಚಿಮ ಎನ್ನುವ ಅರ್ಥದಲ್ಲಿ ‘ವೆಸ್ಟ್’ ಎಂದರೆ ಪರದೆಯ ಮೇಲೆ ಬನಿಯನ್ ಎಂಬರ್ಥದ ‘ವೆಸ್ಟ್’ ಬಂದು ಕೂರುತ್ತದೆ. ಉರ್ದು ಮನೆಮಾತಿನ ಹುಡುಗಿ ‘ಇಸ್ಕೂಲ್’ ಎಂದರೆ ಯಂತ್ರ ಅದನ್ನು ಎರಡು ಪದವಾಗಿ ಒಡೆದು ಬಿಸಾಡುತ್ತದೆ. ‘ಎಂಡ್’ ಎನ್ನುವ ಕಡೆ ನಮ್ಮ ನಾಲಿಗೆ ತಾನಾಗಿಯೇ ‘ಯೆಂಡ್’ ಎನ್ನುತ್ತದೆ, ‘ಓನ್ಲಿ’ ‘ವೋನ್ಲಿ’ ಆಗುತ್ತದೆ. ಮೇಷ್ಟ್ರಿಗೂ ಇದು ಕೇಳಿಸುವುದಿಲ್ಲ, ಏಕೆಂದರೆ ಅವರೂ ಹಾಗೇ ಹೇಳುವವರು. ಅವರು ‘ಗುಡ್’ ಎಂದು ಕೂರಿಸುತ್ತಾರೆ. ಯಂತ್ರ ಕೂರಿಸುವುದಿಲ್ಲ.

ಅದು ಬೈಯುವುದೂ ಇಲ್ಲ. ನಮ್ಮ ತರಗತಿಯಲ್ಲಿ ಮಗು ಬಾಯಿ ಬಿಡದಿರಲು ಮೊದಲ ಕಾರಣ ಗೊತ್ತಿಲ್ಲದಿರುವುದಲ್ಲ, ನಗುತ್ತಾರೆ ಎಂಬ ಭಯ. ಯಂತ್ರ ತಪ್ಪಾಗಿ ಟೈಪ್ ಮಾಡಿದಾಗ ಗುಂಪೆಲ್ಲ ನಗುವುದು ಯಂತ್ರದ ಮೇಲೆ. ತಪ್ಪಿನ ಹೊಣೆ ಅರ್ಧ ಅದರ ತಲೆಗೆ ಹೋಗುತ್ತದೆ, ಹೇಳಿದವರ ಮುಖ ಉಳಿಯುತ್ತದೆ. ಮತ್ತೆ ಹೇಳು, ಮತ್ತೆ ಹೇಳು ಎನ್ನುವ ಹಟಕ್ಕೆ ಬೇಕಾದದ್ದು ಅಷ್ಟೇ.

ಗುಂಪಿನ ವಿಷಯಕ್ಕೆ ಬಂದರೆ, ನಾಲ್ಕು ಮಕ್ಕಳ ನಡುವೆ ಒಂದು ಮೈಕ್ ಇದ್ದರೆ ಒಬ್ಬರ ಸರದಿ ಬರುವುದು ನಾಲ್ಕರಲ್ಲಿ ಒಂದು ಪಾಲು ಹೊತ್ತಿಗೆ. ಲೆಕ್ಕಕ್ಕೆ ಇದು ನಷ್ಟ ಅನ್ನಿಸುತ್ತದೆ. ಆದರೂ ಒಬ್ಬೊಬ್ಬರಿಗೆ ಒಂದೊಂದು ಹೆಡ್‌ಫೋನ್ ಕೊಟ್ಟ ಲ್ಯಾಬಿಗಿಂತ ಇದು ವಾಸಿ ಎಂದೇ ನನ್ನ ಅನಿಸಿಕೆ. ಸರದಿ ಇಲ್ಲದವರ ಕಿವಿ ಕೆಲಸ ಮಾಡುತ್ತಿರುತ್ತದೆ. ಅವಳು ಹೇಳಿದಾಗ ಸರಿ ಬಂತು, ನಾನು ಹೇಳಿದಾಗ ಬರಲಿಲ್ಲ, ಅವಳು ಏನು ಬೇರೆ ಮಾಡಿದಳು ಎಂದು ತುಟಿ ನೋಡುವುದು ಶುರುವಾಗುತ್ತದೆ. ನಾಲಿಗೆ ತಿದ್ದಿಕೊಳ್ಳುವ ಮುಂಚೆ ಕಿವಿ ತಿದ್ದಿಕೊಳ್ಳಬೇಕು. ಸಂಗೀತದ ಮನೆಯವರನ್ನು ಕೇಳಿದರೆ ಇದನ್ನು ಚೆನ್ನಾಗಿ ಹೇಳುತ್ತಾರೆ.

ಯಂತ್ರ ಎಷ್ಟು ಪದ ಸರಿಯಾಗಿ ಹಿಡಿಯಿತು ಎನ್ನುವುದೇ ಅಂಕ. ಹಾಗಿದ್ದರೆ ಯಂತ್ರದ ಅಂಕವನ್ನು ನಂಬುವುದು ಹೇಗೆ? ಅದಕ್ಕೆಂದೇ ಮಕ್ಕಳ ಓದನ್ನು ಮನುಷ್ಯರಿಗೂ ಕೇಳಿಸಿ ಅಳೆಸಿದರು. ವರದಿ ಹೇಳುವುದು ಎರಡು ಮಾತು. ಒಂದು, ಸರಿಯಾದ ದನಿಗೆ ಪಳಗಿಸಿದ ಯಂತ್ರ ಮನುಷ್ಯರಂತೆಯೇ ಉಚ್ಚಾರಣೆಯ ಏರಿಳಿತವನ್ನು ಗುರುತಿಸಬಲ್ಲದು. ಎರಡು, ಮಕ್ಕಳ ಗುಂಪು ಮೇಷ್ಟ್ರ ನೆರವು ಹೆಚ್ಚು ಇಲ್ಲದೆಯೂ ಉಚ್ಚಾರಣೆಯನ್ನು ಸುಧಾರಿಸಿಕೊಳ್ಳಬಲ್ಲದು. ಇವೆರಡೂ ಸಾಬೀತಾಯಿತು ಎಂದು ಅವರು ಢಂಗುರ ಸಾರಲಿಲ್ಲ. ಹಾಗೆ ಕಾಣುತ್ತದೆ ಎಂದಷ್ಟೇ ಬರೆದರು.

ವೇದಿಕೆಯ ಕಥೆ, ಕಾಗದದ ಕಥೆ

ಏಳು ವರ್ಷ ಬಿಟ್ಟು, 2010ರಲ್ಲಿ, ಆಕ್ಸ್‌ಫರ್ಡಿನಲ್ಲಿ, ಚುಟುಕು ಭಾಷಣಗಳಿಗೆ ಹೆಸರಾದ ಟೆಡ್ ವೇದಿಕೆಯಲ್ಲಿ, ಮಿತ್ರ ಈ ಪ್ರಕರಣವನ್ನು ಹೇಳಿದರು. ಅಲ್ಲಿ ಅದು ಸೊಗಸಾದ ಕಥೆ. ಮಕ್ಕಳು ಮಾತಾಡಿದರು, ಕಂಪ್ಯೂಟರ್ ಅಡ್ಡಾದಿಡ್ಡಿ ಟೈಪ್ ಮಾಡಿತು. ಇದಕ್ಕೆ ನಾವು ಹೇಳುವುದು ಏನೂ ಅರ್ಥವಾಗುತ್ತಿಲ್ಲ ಎಂದರು ಮಕ್ಕಳು. ಎರಡು ತಿಂಗಳು ಇದನ್ನು ಇಲ್ಲೇ ಬಿಟ್ಟು ಹೋಗುತ್ತೇನೆ, ಅರ್ಥವಾಗುವ ಹಾಗೆ ಮಾಡಿ ಎಂದರು ಇವರು. ಹೇಗೆ ಎಂದು ಕೇಳಿದರೆ, ನನಗೂ ಗೊತ್ತಿಲ್ಲ ಎಂದು ಹೊರಟೇಬಿಟ್ಟರು. ಎರಡು ತಿಂಗಳ ಮೇಲೆ ಬಂದು ನೋಡಿದರೆ ಮಕ್ಕಳೆಲ್ಲ ಟೂಲಿಯ ಧಾಟಿಯಲ್ಲಿ ಮಾತಾಡುತ್ತಿದ್ದಾರೆ! ಸಭೆ ನಕ್ಕಿತು. ಮೂರು ವರ್ಷದ ನಂತರ, 2013ರಲ್ಲಿ, 10 ಲಕ್ಷ ಡಾಲರಿನ ಟೆಡ್ ಬಹುಮಾನವೂ ಮಿತ್ರರಿಗೆ ಬಂತು.

ಕಾಗದದ ಮೇಲಿನದು, ಅಂದರೆ 2003ರ ವರದಿಯದು, ಐದು ತಿಂಗಳು. ಕಾಗದದಲ್ಲಿ ಕಲಿಸುವ ಸಾಫ್ಟ್‌ವೇರ್ ಇದೆ, ಸಿನಿಮಾಗಳಿವೆ. ವೇದಿಕೆಯಲ್ಲಿ ಉಳಿದದ್ದು ಮಕ್ಕಳು, ಒಂದು ಕಂಪ್ಯೂಟರ್, ಹೊರಟುಹೋದ ಒಬ್ಬ ಮನುಷ್ಯ. ಇದನ್ನು ಸುಳ್ಳು ಎನ್ನಲಾರೆ. ವೇದಿಕೆಯಲ್ಲಿ ನಿಂತು ಹೇಳುವಾಗ ಕಥೆ ತಾನೇ ಸೊರಗಿ ನಾಜೂಕಾಗುತ್ತದೆ. ಆದರೆ ಈ ಎರಡು ಕಥೆಗಳಲ್ಲಿ ಯಾವುದನ್ನು ನಂಬಿ ಶಾಲೆ ನಡೆಸುವವರು ದುಡ್ಡು ಹಾಕುತ್ತಾರೆ ಎನ್ನುವುದು ಮುಖ್ಯ. ವೇದಿಕೆಯ ಕಥೆ ಕೇಳಿದವರು ಯಂತ್ರ ತಂದಿಟ್ಟರೆ ಸಾಕು, ಮೇಷ್ಟ್ರು ಮನೆಗೆ ಹೋಗಬಹುದು ಎಂದುಕೊಳ್ಳುತ್ತಾರೆ. ಕಾಗದ ಓದಿದವರಿಗೆ ಕಾಣುವುದು ಬೇರೆ: ಒಳ್ಳೆಯ ಉಚ್ಚಾರಣೆ ಕೇಳಲು ಸಿನಿಮಾ ಇತ್ತು, ಹಂತಹಂತವಾಗಿ ಕಲಿಸುವ ಪಾಠವಿತ್ತು, ಕೊನೆಯಲ್ಲಿ ಒರೆಗೆ ಹಚ್ಚುವ ಯಂತ್ರವಿತ್ತು. ಮೇಷ್ಟ್ರು ಮಾಡುವ ಮೂರು ಕೆಲಸಗಳನ್ನು ಮೂರು ಸಾಮಗ್ರಿಗೆ ಹಂಚಲಾಗಿತ್ತು. ಕೆಲಸ ಮಾಯವಾಗಿರಲಿಲ್ಲ.

ನಮ್ಮಲ್ಲಿಯೂ ಆ ದಶಕದಲ್ಲಿ ಇಂಥದ್ದೇ ಉತ್ಸಾಹವಿತ್ತು. ಅಜೀಂ ಪ್ರೇಮ್‌ಜಿ ಫೌಂಡೇಷನ್ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕೆ ಆರಂಭಿಸಿತು, ಕನ್ನಡದಲ್ಲಿ ಸಿ.ಡಿ.ಗಳು ಬಂದವು. ಕೆಲವೇ ವರ್ಷಗಳಲ್ಲಿ ಆ ಸಂಸ್ಥೆ ತಾನೇ ಅದರಿಂದ ಹಿಂದೆ ಸರಿದು ಶಿಕ್ಷಕರ ತರಬೇತಿಯ ಕಡೆ ಹೊರಳಿತು. ಸಾಫ್ಟ್‌ವೇರ್ ಉದ್ಯಮಿಯ ದುಡ್ಡಿನ ಸಂಸ್ಥೆಯೇ ಈ ತೀರ್ಮಾನಕ್ಕೆ ಬಂತು ಎನ್ನುವುದು ಗಮನಿಸಬೇಕಾದ ಸಂಗತಿ.

ನನ್ನ ತಕರಾರುಗಳು

16 ಮಕ್ಕಳ ಒಂದೇ ಗುಂಪು ಚಿಕ್ಕದು ಎಂದು ಎಲ್ಲರೂ ಹೇಳುತ್ತಾರೆ, ಅದರ ಮೇಲೆ ಹೆಚ್ಚು ಹೊತ್ತು ಕಳೆಯುವುದಿಲ್ಲ. ಇನ್ನೂ ಸೂಕ್ಷ್ಮವಾದವು ಇವೆ.

ಡಿಕ್ಟೇಷನ್ ಸಾಫ್ಟ್‌ವೇರ್ ಬರೀ ಧ್ವನಿ ಕೇಳಿ ಟೈಪ್ ಮಾಡುವುದಿಲ್ಲ, ಊಹೆಯನ್ನೂ ಮಾಡುತ್ತದೆ. ‘ಎ ಗ್ಲಾಸ್ ಆಫ್’ ಎಂದಾದ ಮೇಲೆ ಬರುವ ಪದ ‘ವಾಟರ್’ ಇದ್ದೀತು ಎಂದು ಅದಕ್ಕೆ ಗೊತ್ತು. ನೀವು ಅರ್ಧ ನುಂಗಿದರೂ ಅದು ತುಂಬಿಕೊಳ್ಳುತ್ತದೆ. ಹಾಗಾಗಿ ಪದ ಸರಿಯಾಗಿ ಬಂತು ಅಂದರೆ ಉಚ್ಚಾರಣೆ ಸರಿಯಾಯಿತು ಎಂದೇ ಆಗಬೇಕಿಲ್ಲ. ತಡವರಿಸದೆ, ಪದ ಪದ ಬಿಡಿಸಿ, ಒಂದೇ ವೇಗದಲ್ಲಿ ಓದುವುದನ್ನು ಕಲಿತರೂ ಅಂಕ ಏರುತ್ತದೆ. ಮೈಕನ್ನು ಬಾಯಿಂದ ಎಷ್ಟು ದೂರ ಹಿಡಿಯಬೇಕು ಎಂದು ಗೊತ್ತಾದರೂ ಏರುತ್ತದೆ. ಮನುಷ್ಯರಿಂದ ಅಳೆಸಿದ್ದರಿಂದ ಈ ಅನುಮಾನ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಇನ್ನೊಂದು, ತುಸು ತಮಾಷೆಯದು. ಯಂತ್ರ ಪಳಗಿದ್ದು ದೊಡ್ಡ ಗಂಡಸಿನ ದನಿಗೆ ಎನ್ನೋಣ. 12ರಿಂದ 16 ಅಂದರೆ ಗಂಡುಹುಡುಗರ ದನಿ ಒಡೆಯುವ ವಯಸ್ಸು. ಐದು ತಿಂಗಳಲ್ಲಿ ಒಬ್ಬಿಬ್ಬರ ದನಿ ದಪ್ಪಗಾಗಿ, ಅಷ್ಟರಿಂದಲೇ ಯಂತ್ರಕ್ಕೆ ಹತ್ತಿರವಾಗಿದ್ದರೆ? ಫಲಿತಾಂಶವನ್ನೇ ತಿರುಗಿಸುವಷ್ಟು ಇರಲಾರದು. ಆದರೂ ಕೇಳದೆ ಬಿಡಲು ಮನಸ್ಸಾಗದು.

ಉಚ್ಚಾರಣೆ ಸುಧಾರಿಸಿತು ಎನ್ನೋಣ. ಮಾತು ಬಂತೇ? ಕೊಟ್ಟ ಪ್ಯಾರಾ ಓದಿ ಒಪ್ಪಿಸುವುದು ಬೇರೆ. ಬಸ್ ತಪ್ಪಿಹೋಯಿತು ಎಂದು ಎದುರಿನವರಿಗೆ ತನ್ನ ಮಾತಿನಲ್ಲಿ ಹೇಳುವುದು ಬೇರೆ. ಎರಡನೆಯದಕ್ಕೆ ಎದುರಿನವರು ಬೇಕು, ಅವರು ಮರುಪ್ರಶ್ನೆ ಕೇಳಬೇಕು. ಈ ಕೊರತೆ ಮಿತ್ರರಿಗೂ ಕಂಡಿರಬೇಕು. 2009ರಲ್ಲಿ ಅವರು ಇಂಗ್ಲೆಂಡಿನ ಪತ್ರಿಕೆಯ ಮೂಲಕ ಸ್ವಯಂಸೇವಕರನ್ನು ಕರೆದರು. ವಾರದಲ್ಲಿ ಸ್ವಲ್ಪ ಬಿಡುವಿರುವ, ಮನೆಯಲ್ಲಿ ಇಂಟರ್‌ನೆಟ್ ಇರುವ ಹಿರಿಯರು ಸ್ಕೈಪ್‌ನಲ್ಲಿ ಇಲ್ಲಿನ ಮಕ್ಕಳ ಜತೆ ಮಾತಾಡಬೇಕು, ಕಥೆ ಓದಬೇಕು. ನಿವೃತ್ತ ಶಿಕ್ಷಕಿಯರು ಸಾಲುಗಟ್ಟಿ ಬಂದರು. ಅದಕ್ಕೆ ‘ಗ್ರ್ಯಾನಿ ಕ್ಲೌಡ್’ ಎಂದೇ ಹೆಸರಾಯಿತು. ಅದು ಶುರುವಾದದ್ದೂ ಹೈದರಾಬಾದಿನಲ್ಲೇ. ಮೊದಲು ಯಂತ್ರದ ಕಿವಿ, ಆಮೇಲೆ ಅಜ್ಜಿಯ ಕಿವಿ. ಪಾಠ ಹೇಳಬೇಡಿ, ಮಕ್ಕಳು ಮಾಡಿದ್ದನ್ನು ನೋಡಿ ಬೆರಗಾಗಿ, ಸಾಕು ಎನ್ನುವುದು ಅವರಿಗೆ ಕೊಟ್ಟ ಸೂಚನೆಯ ತಿರುಳು. ಮೊಮ್ಮಗ ನೆಟ್ಟಗೆ ಎರಡು ಸಾಲು ಹಾಡಿದರೂ ದೃಷ್ಟಿ ತೆಗೆಯುವ ನಮ್ಮ ಅಜ್ಜಿಯರಿಗೆ ಈ ಸೂಚನೆಯ ಅಗತ್ಯವೇ ಇರುತ್ತಿರಲಿಲ್ಲ.

ಕೊನೆಯ ತಕರಾರು ಟೂಲಿಯ ಧಾಟಿಯ ಬಗ್ಗೆ. ಹಳೇ ಹೈದರಾಬಾದಿನ ಹುಡುಗಿ ಇಂಗ್ಲೆಂಡಿನ ಪ್ರಾಧ್ಯಾಪಕನಂತೆ ಮಾತಾಡಬೇಕೇ? ಉದ್ಯೋಗ ಕೊಡುವವನು ಹಾಗೆ ಬಯಸುತ್ತಾನೆ ಎನ್ನುವುದು ನಿಜ. ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವುದಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ‘ಇಸ್ಕೂಲ್’ ಅಂದರೂ ಎಲ್ಲರಿಗೂ ಅರ್ಥವಾಗುತ್ತದೆ. ಅರ್ಥವೇ ಕೆಡುವ ಕಡೆ, ‘ವ’ದ ಗೊಂದಲದಂಥ ಕಡೆ, ತಿದ್ದಿಕೊಂಡರೆ ಸಾಕು. ಒಬ್ಬರದೇ ದನಿಗೆ ಪಳಗಿದ ಯಂತ್ರಕ್ಕೆ ಈ ವಿವೇಚನೆ ಇಲ್ಲ. ಅರ್ಥ ಕೆಡಿಸುವ ತಪ್ಪು, ಬರೀ ಊರಿನ ವಾಸನೆಯಿರುವ ತಪ್ಪು, ಎರಡಕ್ಕೂ ಅದು ಒಂದೇ ಬೆತ್ತ ಬೀಸುತ್ತದೆ.

ಇವತ್ತಿನ ಫೋನಿನಲ್ಲಿ ಇದನ್ನೇ ಮಾಡಲು ಹೋದರೆ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಒಂದನೇ ತರಗತಿಯಿಂದಲೇ ಬಂದದ್ದು 2007-08ರಲ್ಲಿ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಪಠ್ಯ ಬಂತು, ಪುಸ್ತಕ ಬಂತು, ಮೇಲಿನ ಒಂದು ನಿಮಿಷದ ಲೆಕ್ಕ ಮಾತ್ರ ಹಾಗೇ ಇದೆ. ಈಗ ಮೇಷ್ಟ್ರ ಜೇಬಿನ ಫೋನಿನಲ್ಲೇ ಹೈದರಾಬಾದಿನ ಆ ಕಂಪ್ಯೂಟರಿಗಿಂತ ಎಷ್ಟೋ ಪಾಲು ಚುರುಕಾದ ಕಿವಿ ಇದೆ. ಕೀಬೋರ್ಡಿನ ಮೈಕ್ ಗುರುತು ಒತ್ತಿದರೆ ಸಾಕು, ದುಡ್ಡಿಲ್ಲ ಕಾಸಿಲ್ಲ.

ಒತ್ತಿ ನೋಡಿ. ಮೊದಲು ಕೀಬೋರ್ಡಿನ ಭಾಷೆಯನ್ನು ‘ಇಂಗ್ಲಿಷ್, ಇಂಡಿಯಾ’ ಎಂದು ಇಟ್ಟು ಒಂದು ವಾಕ್ಯ ಹೇಳಿ, ಆಮೇಲೆ ‘ಇಂಗ್ಲಿಷ್, ಯುನೈಟೆಡ್ ಕಿಂಗ್‌ಡಮ್’ ಎಂದು ಬದಲಿಸಿ ಅದನ್ನೇ ಹೇಳಿ. ಬಹಳಷ್ಟು ಸಲ ಎರಡೂ ಕಡೆ ಸರಿಯಾಗಿಯೇ ಬರುತ್ತದೆ. ಇಲ್ಲಿಯೇ ಹೊಸ ತೊಡಕು. ಆಗಿನ ಯಂತ್ರ ಒಬ್ಬರ ದನಿಗೆ ಪಳಗಿತ್ತು. ಈಗಿನವು ಕಲಿತದ್ದು ಅಪಾರ ಜನರಿಂದ. ಮಾತನ್ನು ಅಕ್ಷರಕ್ಕಿಳಿಸಲು ಓಪನ್‌ಎಐ ಕಂಪನಿ 2022ರಲ್ಲಿ ಬಿಟ್ಟ ‘ವಿಸ್ಪರ್’ 6,80,000 ಗಂಟೆಗಳ ಧ್ವನಿ ಕೇಳಿ ಕಲಿತದ್ದು. ನೀವು ‘ಯೆಂಡ್’ ಅನ್ನಿ, ‘ವೋನ್ಲಿ’ ಅನ್ನಿ, ಅದು ತಲೆಯಾಡಿಸಿ ಸರಿಯಾದದ್ದನ್ನೇ ಟೈಪ್ ಮಾಡುತ್ತದೆ. ಡಿಕ್ಟೇಷನ್ನಿಗೆ ಇದು ವರ. ಉಚ್ಚಾರಣೆ ತಿದ್ದಿಕೊಳ್ಳುವವರಿಗೆ ನಮ್ಮ ‘ಗುಡ್’ ಎನ್ನುವ ಮೇಷ್ಟ್ರೇ ಮತ್ತೆ ಬಂದು ಕೂತಂತೆ. ಹೈದರಾಬಾದಿನಲ್ಲಿ ಮಕ್ಕಳನ್ನು ತಿದ್ದಿದ್ದು ಯಂತ್ರದ ಜಾಣತನವಲ್ಲ, ಅದರ ಪೆದ್ದುತನ.

ಹಾಗೆಂದು ಉದಾರ ಕಿವಿ ಕೆಲಸಕ್ಕೆ ಬಾರದ್ದೇನಲ್ಲ. ಅದಕ್ಕೆ ಒಪ್ಪಿಸಬೇಕಾದ ಕೆಲಸ ಬೇರೆ. ಬಿಡಿ ಪದಗಳನ್ನು ಹೇಳಿಸಿ. ಹಿಂದು ಮುಂದು ಏನೂ ಇಲ್ಲದ ಕಡೆ ಊಹೆಗೆ ಎಡೆ ಕಡಿಮೆ, ‘ವೆಸ್ಟ್’ನಂಥ ಜೋಡಿಗಳಲ್ಲಿ ಅದು ಈಗಲೂ ಎಡವುತ್ತದೆ, ಮಕ್ಕಳಿಗೆ ಅದೇ ಆಟ. ವಾಕ್ಯಗಳನ್ನಾದರೆ ಓದಿಸಬೇಡಿ, ತಾವೇ ಕಟ್ಟಿ ಹೇಳಲಿ. ಬೆಳಿಗ್ಗೆ ಏನು ತಿಂದೆ, ದಾರಿಯಲ್ಲಿ ಏನು ನೋಡಿದೆ. ತಾನು ಹೇಳಿದ್ದು ಅಕ್ಷರವಾಗಿ ಎದುರಿಗೆ ಬಿದ್ದಾಗ ಮಗು ಅದನ್ನು ಓದುತ್ತದೆ, ಇಲ್ಲೊಂದು ಪದ ಬಿಟ್ಟೆ ಎಂದು ತಾನೇ ಕಂಡುಕೊಳ್ಳುತ್ತದೆ. ಗುಂಪಿನಲ್ಲಿ ನಾಲ್ವರಿಗಿಂತ ಹೆಚ್ಚು ಬೇಡ. ಫೋನ್ ಮೇಷ್ಟ್ರದ್ದೇ ಆದರೆ ವಾಟ್ಸ್‌ಆ್ಯಪ್ ನೋಟಿಫಿಕೇಷನ್ ಬಂದ್ ಮಾಡಿಡಿ. ಸೊಸೈಟಿ ಸಾಲದ ಮೆಸೇಜು ನಾಲ್ಕು ಮಕ್ಕಳು ಸೇರಿ ಓದುವಂತಾಗಬಾರದು.

ಮಕ್ಕಳ ದನಿ ಹಿಡಿಯುವುದರಲ್ಲಿ ಮಾತ್ರ ಇವತ್ತಿನ ಯಂತ್ರಗಳೂ ಹಿಂದೆ. ಗಂಟಲು ಸಣ್ಣದು, ದನಿ ತೆಳು, ಮಾತಿನ ವೇಗ ಏರುಪೇರು. ಯಂತ್ರ ಕಲಿತ ಧ್ವನಿಯಲ್ಲಿ ದೊಡ್ಡವರದೇ ಹೆಚ್ಚು. ಏಳೆಂಟು ವರ್ಷದ ಮಗು ಸರಿಯಾಗಿಯೇ ಹೇಳಿದ್ದನ್ನು ಯಂತ್ರ ತಪ್ಪು ಎಂದರೆ ಆ ಮಗು ಮತ್ತೆ ಬಾಯಿ ತೆರೆಯುವುದಿಲ್ಲ. ಅಲ್ಲಿ ಪಕ್ಕದಲ್ಲಿ ಒಬ್ಬ ಮನುಷ್ಯ ಇರಲೇಬೇಕು, ಇಲ್ಲ ಮರೀ, ನೀನು ಹೇಳಿದ್ದು ಸರಿ, ಇದರ ಕಿವಿಯೇ ಮಂದ ಎನ್ನಲಿಕ್ಕೆ.

ಇದೇ ಮಾತು ಕನ್ನಡ ಕಲಿಯುವವರಿಗೂ ಬರುತ್ತದೆ. ಕಲಬುರಗಿಯ ಆಸ್ಪತ್ರೆಗೆ ಕೆಲಸಕ್ಕೆಂದು ಒಡಿಶಾದಿಂದ ಬಂದ ನರ್ಸಿಗೆ ಸುತ್ತ ಕೇಳಿಸುವುದು ‘ಮಾಡ್ಲಿಕತ್ತೀನಿ’, ‘ಹೊಂಟೀನಿ’. ಮಂಗಳೂರಿಗೆ ಬಂದವರಿಗೆ ‘ಎಂತ ಮಾಡುದು’. ಅವರು ಕಿವಿಗೆ ಬಿದ್ದ ಕನ್ನಡವನ್ನು ಫೋನಿಗೆ ಹೇಳಿದಾಗ, ಫೋನು ಪಠ್ಯಪುಸ್ತಕದ ಕನ್ನಡಕ್ಕೆ ಮಾತ್ರ ಪಳಗಿದ್ದರೆ, ಸರಿಯಾಗಿ ಕಲಿತವರೇ ತಪ್ಪಿತಸ್ಥರಾಗುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಉಪಭಾಷೆಗಳ ಮಾತನ್ನು ಸಂಗ್ರಹಿಸಿರುವುದು ಈ ಕಾರಣಕ್ಕೆ ದೊಡ್ಡ ಕೆಲಸ. ಯಂತ್ರದ ಕಿವಿಗೆ ಯಾರ ದನಿ ಬೀಳುತ್ತದೆ ಎನ್ನುವುದನ್ನು ಹೈದರಾಬಾದಿನಲ್ಲಿ ನಾಲ್ವರು ಸಂಶೋಧಕರು ತೀರ್ಮಾನಿಸಿದ್ದರು. ಅದನ್ನು ಇಡೀ ಜಿಲ್ಲೆಗಳ ಜನ ತೀರ್ಮಾನಿಸುವಂತಾದರೆ ಅಷ್ಟರ ಮಟ್ಟಿಗೆ ವಾಸಿ.

ಇಂಗ್ಲಿಷ್ ಮಾತಾಡಿಸುವ ಆ್ಯಪ್ ಹಿಡಿದು ಶಾಲೆಗಳ ಬಾಗಿಲಿಗೆ ಬರುವವರು ಈಗ ಬಹಳ ಮಂದಿ ಇದ್ದಾರೆ. ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಇರುವವರು, ಮುಖ್ಯಶಿಕ್ಷಕರು ಅವರನ್ನು ಮೂರು ವಿಷಯ ಕೇಳಿದರೆ ಸಾಕು. ಇದರ ಕಿವಿ ಯಾರ ದನಿಗೆ ಪಳಗಿದೆ? ಒಂದು ಪೀರಿಯಡ್‌ನಲ್ಲಿ ಒಂದು ಮಗು ಎಷ್ಟು ನಿಮಿಷ ಬಾಯಿ ಬಿಡುತ್ತದೆ? ನೆಟ್‌ವರ್ಕ್ ಇಲ್ಲದಾಗ ಇದು ಏನು ಮಾಡುತ್ತದೆ? ಉತ್ತರ ಏನೇ ಬರಲಿ, ಡೆಮೊ ಮಾತ್ರ ಅವರ ಬಾಯಲ್ಲಿ ಬೇಡ. ಐದನೇ ತರಗತಿಯ ಹುಡುಗಿಯೊಬ್ಬಳನ್ನು ಕರೆದು ಅವಳ ಬಾಯಲ್ಲೇ ಮಾಡಿಸಿ, ಪಕ್ಕದ ಕೋಣೆಯಲ್ಲಿ ಮಗ್ಗಿ ಕೂಗುತ್ತಿರುವಾಗಲೇ.